ಬೀದರಿನಲ್ಲಿ ಮನೆ ಎಲ್ಲಿ ಮಾಡಬೇಕು: ದರವಾಜಾದ ಒಳಗೋ, ಹೊರಗೋ?

ಬೀದರಿಗೆ ವರ್ಗವಾಗಿ ಬರುವವರು, ಹೈದರಾಬಾದಿನಲ್ಲಿ ದುಡಿದು ಊರಿಗೆ ಮರಳುವವರು, ಮಕ್ಕಳ ಓದಿಗೆಂದು ಹಳ್ಳಿಯಿಂದ ಬರುವವರು ಎಲ್ಲರೂ ಮೊದಲು ಕೇಳುವುದು ಬಾಡಿಗೆ ಎಷ್ಟು ಎಂದು. ಆಮೇಲೆ ಕಾರು ನಿಲ್ಲಿಸಲು ಜಾಗ ಇದೆಯೇ ಎಂದು. ಮನೆಯಲ್ಲಿ ಗಾಡಿ ಓಡಿಸಲು ಬಾರದವರು ಎಷ್ಟು ಜನ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ನನ್ನ ಮಟ್ಟಿಗೆ ಮನೆ ಹುಡುಕುವ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ. ಸಂಜೆ ಗುಡಿಗೋ ಮಸೀದಿಗೋ ಹೋಗಿ ನಾಲ್ಕು ಜನರೊಡನೆ ಮಾತಾಡಿ ಬರುವ ಅಜ್ಜ, ರಕ್ತದೊತ್ತಡದ ಗುಳಿಗೆ ಮುಗಿದಾಗ ಮಗ ಕಚೇರಿಯಿಂದ ಬರುವ ತನಕ ಕಾಯುವ ತಾಯಿ, ಟ್ಯೂಷನ್ನಿಗೆ ಹೋಗುವ ಹನ್ನೆರಡು ವರ್ಷದ ಹುಡುಗಿ, ಇವರ ದಿನ ಹೇಗೆ ಸಾಗುತ್ತದೆ ಎಂಬುದನ್ನು ಮನೆಯ ವಿಳಾಸವೇ ತೀರ್ಮಾನಿಸುತ್ತದೆ. ಗಾಡಿ ಇದ್ದವರಿಗೆ ಊರಿನ ಯಾವ ಮೂಲೆಯಾದರೂ ಸರಿ. ಇಲ್ಲದವರಿಗೆ ಹಾಗಲ್ಲ.

ಈ ಊರಿನಲ್ಲಿ ಆಯ್ಕೆ ಮೂರು. ಮೊದಲನೆಯದು ಹಳೆ ಊರು. ಶಾಗಂಜ್, ಫತೇ, ಮಂಗಲಪೇಟ, ದುಲ್ಹನ್, ತಾಲಘಾಟ್ ಎಂಬ ಐದು ದರವಾಜಾಗಳ, ಅಂದರೆ ಊರಗೋಡೆಯ ಹೆಬ್ಬಾಗಿಲುಗಳ ಒಳಗೆ, ಚೌಬಾರ ಎಂಬ ಗೋಪುರದ ಸುತ್ತ ಹರಡಿಕೊಂಡ ಓಣಿಗಳಿವು. ಎರಡನೆಯದು ಹಳೆ ಊರಿನ ಗೋಡೆ ದಾಟಿದ ಕೂಡಲೇ ಸಿಗುವ ಪಟ್ಟಿ, ಗಾಂಧಿಗಂಜ್, ಅಂಬೇಡ್ಕರ್ ವೃತ್ತ ಮತ್ತು ರೈಲು ನಿಲ್ದಾಣದ ನಡುವಿನ ಬೀದಿಗಳು. ಮೂರನೆಯದು ಹೊಸ ಬಡಾವಣೆಗಳು. ಶಿವನಗರ, ಆದರ್ಶ ಕಾಲೊನಿಯಂಥ ನೆಲೆಗೊಂಡ ಕಾಲೊನಿಗಳಿಂದ ಹಿಡಿದು ನೌಬಾದ್, ಚಿದ್ರಿ, ಮೈಲೂರಿನ ಕಡೆ ಇನ್ನೂ ಬೆಳೆಯುತ್ತಿರುವ ನಿವೇಶನಗಳವರೆಗೆ ಎಲ್ಲವೂ ಇದರಲ್ಲಿ ಬರುತ್ತವೆ.

ಹಳೆ ಊರಿನ ಬಗ್ಗೆ ನನಗೆ ಪ್ರೀತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಲ್ಲರೂ ಅಲ್ಲಿಯೇ ಮನೆ ಮಾಡಬೇಕು ಎಂದು ನಾನು ಹೇಳುತ್ತಿಲ್ಲ. ಯಾವ ಮನೆತನಕ್ಕೆ ಯಾವುದು ಹೊಂದುತ್ತದೆ ಎಂದು ನೋಡೋಣ.

ಕಾಲ್ನಡಿಗೆಯ ಲೆಕ್ಕ

ಅಹಮದ್ ಶಾಹ ಬಹಮನಿ 15ನೇ ಶತಮಾನದ ಮೊದಲ ಭಾಗದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ ಊರು ಬೆಳೆದದ್ದು ನಡೆಯುವವರಿಗಾಗಿ. ಆ ಅಳತೆ ಇಂದಿಗೂ ಉಳಿದಿದೆ. ನಾಲ್ಕು ದಾರಿ ಕೂಡುವಲ್ಲಿ 71 ಅಡಿ ಎತ್ತರದ ದುಂಡು ಗೋಪುರ ಚೌಬಾರ ನಿಂತಿದೆ. ಅಲ್ಲಿಂದ ಕೋಟೆಯ ಕಡೆ ಹೋಗುವ ಒಂದೇ ಹಾದಿಯಲ್ಲಿ 1472ರ ಮಹಮೂದ್ ಗವಾನ್ ಮದರಸಾ ಮತ್ತು ತಖ್ತ್-ಎ-ಕಿರ್ಮಾನಿ ಎಂಬ ಹಳೆ ಕಟ್ಟಡ ಸಿಗುತ್ತವೆ. ಹಿಂದೆ ಊರಿನ ನಾಲ್ಕು ಭಾಗಗಳಿಗೂ ಒಂದೊಂದು ಗರಡಿ ಇತ್ತು. ಸಿದ್ದಿಕ್ ಶಾ ತಾಲೀಮು, ನೂರ್ ಖಾನ್ ತಾಲೀಮು, ಮನಿಹಾರ್ ತಾಲೀಮು, ಪನ್ಸಾಲ್ ತಾಲೀಮು ಎಂಬ ಹೆಸರುಗಳನ್ನು ವಿಳಾಸ ಹೇಳುವಾಗ ಜನ ಈಗಲೂ ಬಳಸುತ್ತಾರೆ. ಗಟ್ಟಿ ಕಾಲಿನವರು ಒಂದು ದರವಾಜಾದಿಂದ ಇನ್ನೊಂದಕ್ಕೆ ಅರ್ಧ ಗಂಟೆಯೊಳಗೆ ನಡೆದು ಹೋಗಬಹುದು.

ದಿನಸಿ, ಹಾಲು, ತರಕಾರಿ, ಔಷಧಿ, ದರ್ಜಿ, ಬಳೆ ಅಂಗಡಿ, ಗಿರಣಿ, ಬೀಗದ ಕೀಲಿ ಮಾಡುವವರು ಎಲ್ಲರೂ ಈ ಅಳತೆಯೊಳಗೇ ಇದ್ದಾರೆ. ಇದರಿಂದ ಪೆಟ್ರೋಲು ಉಳಿಯುತ್ತದೆ, ನಿಜ. ಅದಕ್ಕಿಂತ ದೊಡ್ಡದೆಂದರೆ ಅಜ್ಜಿಗೆ ಒಂದು ಕೆಲಸ ನೆನಪಾದ ಗಳಿಗೆಯಲ್ಲಿ ಯಾರನ್ನೂ ಕೇಳದೆ ಹೋಗಿ ಮುಗಿಸಿಕೊಂಡು ಬರುವುದು. ಅಂಗಡಿಯವನಿಗೆ ಅವರ ಮುಖ ಪರಿಚಯ. ಎರಡು ದಿನ ಕಾಣದಿದ್ದರೆ ಯಾಕೆ ಬಂದಿಲ್ಲ ಎಂದು ಯಾರಾದರೂ ವಿಚಾರಿಸುತ್ತಾರೆ.

ಹೊಸ ಬಡಾವಣೆಯ ಲೆಕ್ಕವನ್ನೂ ಮಾಡಿ ನೋಡಿ. ಮನೆ ಪೇಟೆಯಿಂದ 5 ಕಿಲೋಮೀಟರ್ ದೂರ ಎಂದುಕೊಳ್ಳಿ. ಮಕ್ಕಳನ್ನು ಬಿಡಲು ಒಮ್ಮೆ, ಕರೆತರಲು ಒಮ್ಮೆ ಹೋಗಿಬಂದರೆ ದಿನಕ್ಕೆ 20 ಕಿಲೋಮೀಟರ್. ತಿಂಗಳಿಗೆ 26 ದಿನಕ್ಕೆ 520 ಕಿಲೋಮೀಟರ್. ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರಿಗೆ ಹನ್ನೊಂದೂವರೆ ಲೀಟರ್ ಬೇಕು. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ 1,150 ರೂಪಾಯಿ ಆಯಿತು. ಇದು ಶಾಲೆಯ ಓಡಾಟ ಮಾತ್ರ. ಮರೆತ ಕೊತ್ತಂಬರಿ, ಸಂಜೆಯ ಟ್ಯೂಷನ್, ಭಾನುವಾರದ ಸಂತೆ ಬೇರೆ. ಮನೆಯಲ್ಲಿ ಇನ್ನೊಂದು ಗಾಡಿ ಬೇಕಾದರೆ ಅದರ ಕಂತೂ ಬಾಡಿಗೆಯ ಪಕ್ಕದಲ್ಲಿ ಬರೆಯಬೇಕಾದ ಅಂಕಿಯೇ. ಹಣಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಆ ನಾಲ್ಕು ಸವಾರಿ ಮಾಡುವವರು ಯಾರು ಎಂಬುದನ್ನು. ಬಹಳ ಮನೆಗಳಲ್ಲಿ ಅದು ತಾಯಿ. ಅವಳ ದಿನದ ನಡುಭಾಗ ರಸ್ತೆಯಲ್ಲೇ ಕಳೆದುಹೋಗುತ್ತದೆ.

ಆದರೆ ಎಲ್ಲವೂ ಹತ್ತಿರ ಇದೆ ಎಂದ ಮಾತ್ರಕ್ಕೆ ನಡೆಯಲು ಸುಖವಾಗಿದೆ ಎಂದು ಭಾವಿಸಬೇಡಿ. ಚೌಬಾರದ ನಾಲ್ಕೂ ಬೀದಿಗಳಲ್ಲಿ ಹಗಲೆಲ್ಲ ಬೈಕು, ಆಟೋ, ಸರಕಿನ ಗಾಡಿಗಳ ನೂಕುನುಗ್ಗಲು. ಕಾಲುದಾರಿ ಇದ್ದಲ್ಲಿ ಅಂಗಡಿಯ ಸಾಮಾನು ಹರಡಿರುತ್ತದೆ. ಮುಖ್ಯ ಬೀದಿ ಬಿಟ್ಟು ಒಳಓಣಿಗೆ ತಿರುಗಿದರೆ ಮಾತೇ ಬೇರೆ. ಎರಡೂ ಬದಿಯ ಗೋಡೆಗಳ ನೆರಳು, ಕಡಿಮೆ ಗಾಡಿಗಳು, ಬಾಗಿಲಲ್ಲಿ ಕುಳಿತ ಜನ. ಹೀಗಾಗಿ ಹಳೆ ಊರು ಎಂದು ಒಟ್ಟಾಗಿ ತೂಗದೆ ಒಂದೊಂದು ಓಣಿಯನ್ನೂ ಬೇರೆಬೇರೆಯಾಗಿ ನೋಡಬೇಕು. ನಿಮ್ಮ ಮನೆಯಿಂದ ಶಾಲೆಗೆ ಒಳಓಣಿಯಲ್ಲೇ ಹೋಗಲು ಸಾಧ್ಯವೇ, ಚೌಬಾರದ ಬೀದಿಯನ್ನು ಎಷ್ಟು ಸಲ ದಾಟಬೇಕು, ರಾತ್ರಿ ದೀಪ ಉರಿಯುತ್ತದೆಯೇ, ಚರಂಡಿಯ ಮೇಲೆ ಕಲ್ಲು ಮುಚ್ಚಿದೆಯೇ, ನಾಯಿಗಳು ಗುಂಪಾಗಿ ಎಲ್ಲಿ ಮಲಗುತ್ತವೆ ಎಂಬುದನ್ನೆಲ್ಲ ನಡೆದೇ ತಿಳಿಯಬೇಕು. ಶಾಲೆ ಬಿಡುವ ಹೊತ್ತು, ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆ, ರಾತ್ರಿ ಒಂಬತ್ತರ ನಂತರ, ಹೀಗೆ ಮೂರು ಹೊತ್ತಿನಲ್ಲಿ ನಡೆದು ನೋಡಿ. ಹೆಂಗಸರು ತಾವೇ ನಡೆದು ನೋಡಲಿ. ಗಂಡಸರ ತೀರ್ಮಾನ ಈ ವಿಷಯದಲ್ಲಿ ಸಾಲದು.

ಹಳೆ ಮನೆಯ ಗೋಡೆ ಮತ್ತು ಮಾಳಿಗೆ

ಹಳೆ ಊರಿನಲ್ಲಿ ಎರಡು ಬಗೆಯ ಮನೆ ಸಿಗುತ್ತವೆ. ಹಳೆಯದನ್ನು ಕೆಡವಿ ಅದೇ ಸಣ್ಣ ಜಾಗದಲ್ಲಿ ಸಿಮೆಂಟಿನಲ್ಲಿ ಎತ್ತರಕ್ಕೆ ಕಟ್ಟಿದ ಮನೆ ಒಂದು. ಅಂಗಳ, ಪಡಸಾಲೆ, ದಪ್ಪ ಗೋಡೆಯ ಹಳೆ ಮನೆ ಇನ್ನೊಂದು. ಮೊದಲನೆಯದರಲ್ಲಿ ಗಾಳಿ ಬೆಳಕು ಹೊಸ ಬಡಾವಣೆಗಿಂತಲೂ ಕಡಿಮೆ. ಮೂರು ಕಡೆ ಪಕ್ಕದ ಮನೆಯ ಗೋಡೆ, ಒಂದೇ ಕಡೆ ಕಿಟಕಿ. ಅದು ಅಗ್ಗ ಎಂಬ ಕಾರಣಕ್ಕೆ ಒಪ್ಪುವುದಾದರೆ ಹಗಲಿನಲ್ಲಿ ದೀಪ ಆರಿಸಿ ಒಳಕೋಣೆಯಲ್ಲಿ ಐದು ನಿಮಿಷ ಕುಳಿತು ನೋಡಿ. ಮಕ್ಕಳು ಓದುವುದು ಅಲ್ಲಿಯೇ.

ನಿಜವಾದ ಹಳೆ ಮನೆ ಸಿಕ್ಕರೆ ಅದನ್ನು ಗೌರವದಿಂದ ನೋಡಬೇಕು, ಎಚ್ಚರದಿಂದಲೂ ನೋಡಬೇಕು. ಬೀದರ್ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಹಳೆ ಗೋಡೆಗಳಲ್ಲೂ ಅದೇ ಕೆಂಪು ಕಲ್ಲು, ನಡುವೆ ಮಣ್ಣು ಅಥವಾ ಸುಣ್ಣದ ಗಾರೆ. ಎರಡಡಿಯಷ್ಟು ದಪ್ಪದ ಗೋಡೆ ಬೇಸಿಗೆಯ ಹಗಲನ್ನು ನಿಧಾನವಾಗಿ ಒಳಬಿಡುತ್ತದೆ. ಅಂಗಳ ಬಿಸಿಗಾಳಿಯನ್ನು ಮೇಲಕ್ಕೆ ಬಿಟ್ಟುಕೊಡುತ್ತದೆ. ಬಿಸಿಲು ನೇರವಾಗಿ ಬೀಳುವ ಸ್ಲ್ಯಾಬಿನ ಕೆಳಗೆ ಮಲಗುವುದಕ್ಕೂ ಇಂಥ ಪಡಸಾಲೆಯಲ್ಲಿ ಮಲಗುವುದಕ್ಕೂ ಇರುವ ವ್ಯತ್ಯಾಸ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಕಳೆದರೆ ಮೈಗೇ ತಿಳಿಯುತ್ತದೆ.

ಈ ಗೋಡೆಗಳ ಶತ್ರು ಸಿಮೆಂಟು. ಜಂಬಿಟ್ಟಿಗೆ ರಂಧ್ರಗಳುಳ್ಳ ಕಲ್ಲು, ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಸುಣ್ಣದ ಗಿಲಾವು ಅದಕ್ಕೆ ಅಡ್ಡಿ ಮಾಡುವುದಿಲ್ಲ. ಗಟ್ಟಿಯಾಗಲಿ ಎಂದು ಸಿಮೆಂಟು ಬಳಿದರೆ ತೇವ ಒಳಗೇ ಉಳಿಯುತ್ತದೆ, ಉಪ್ಪು ಹೊರಬಂದು ಗಿಲಾವು ಹಪ್ಪಳವಾಗಿ ಎದ್ದು ಬೀಳುತ್ತದೆ, ಹಿಂದಿನ ಮಣ್ಣು ಸಡಿಲವಾಗುತ್ತದೆ. ಮನೆ ತೋರಿಸಲು ಬಂದವರು ಹೊಸದಾಗಿ ಗಿಲಾವು ಮಾಡಿಸಿದ್ದೇವೆ ಎಂದರೆ ಸಂತೋಷಪಡುವ ಮೊದಲು ಯಾವುದರಿಂದ ಎಂದು ಕೇಳಿ. ಗೋಡೆಯ ಬುಡದಿಂದ ಮೊಣಕಾಲಿನ ಎತ್ತರದವರೆಗೆ ಅಂಗೈಯಿಂದ ಸವರಿ ನೋಡಿ. ಪುಡಿ ಉದುರಿದರೆ, ಬಿಳಿ ಉಪ್ಪು ಅಂಟಿದರೆ ಅಲ್ಲಿ ನೀರು ಏರುತ್ತಿದೆ ಎಂದೇ ಅರ್ಥ.

ಮಾಳಿಗೆಯನ್ನು ಕಡ್ಡಾಯವಾಗಿ ಹತ್ತಿ ನೋಡಬೇಕು. ಮಣ್ಣಿನ ಮಾಳಿಗೆಯಾದರೆ ಮಳೆಗಾಲದ ಮುಂಚೆ ಹೊಸ ಮಣ್ಣು ಹಾಕಿ ಬಡಿಯುವ ಕೆಲಸ ವರ್ಷವೂ ಇದ್ದದ್ದೇ. ಅದನ್ನು ಬಲ್ಲ ಕೈಗಳು ಈಗ ಕಡಿಮೆ. ಕೆಳಗಿನಿಂದ ತೊಲೆಗಳು ಗೋಡೆಗೆ ಸೇರುವ ತುದಿಗಳನ್ನು ನೋಡಿ. ಗೆದ್ದಲು ಹಿಡಿಯುವುದು, ನೀರು ಇಳಿಯುವುದು ಅಲ್ಲಿಯೇ. ಮರವನ್ನು ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬರುತ್ತದೆಯೇ, ಗೋಡೆಯ ಬಿರುಕು ನೇರ ಇದೆಯೇ, ಮೆಟ್ಟಿಲಿನಂತೆ ಓರೆಯಾಗಿ ಇಳಿದಿದೆಯೇ ಎಂದು ಗಮನಿಸಿ. ಓರೆ ಬಿರುಕು ಇದ್ದರೆ ಬಾಡಿಗೆಗೂ ಬೇಡ. ಮಾಳಿಗೆಯ ನೀರು ಯಾರ ಅಂಗಳಕ್ಕೆ ಬೀಳುತ್ತದೆ ಎಂಬುದನ್ನು ಪಕ್ಕದವರಿಂದಲೇ ಕೇಳಿ ತಿಳಿಯಿರಿ. ಜಂಟಿ ಗೋಡೆ ಮತ್ತು ಮಾಳಿಗೆ ನೀರು, ಹಳೆ ಓಣಿಯ ಜಗಳಗಳಲ್ಲಿ ಹೆಚ್ಚಿನವು ಈ ಎರಡರಿಂದ ಹುಟ್ಟುತ್ತವೆ.

ಇನ್ನೊಂದು ಮಾತು. ಸ್ಟ್ರೆಚರ್ ಹಿಡಿದ ಇಬ್ಬರು ನಿಮ್ಮ ಬಾಗಿಲಿನಿಂದ ಆಂಬುಲೆನ್ಸ್ ನಿಲ್ಲುವ ಜಾಗದವರೆಗೆ ತಿರುವುಗಳಲ್ಲಿ ಸಿಕ್ಕಿಕೊಳ್ಳದೆ ಹೋಗಬಲ್ಲರೇ? ಹೃದಯದ ಕಾಯಿಲೆ ಇರುವ ಹಿರಿಯರು ಮನೆಯಲ್ಲಿದ್ದರೆ ಉಳಿದೆಲ್ಲಕ್ಕಿಂತ ಮೊದಲು ಈ ದೂರವನ್ನು ಅಳೆಯಿರಿ. ಓಣಿಯ ಸೊಬಗಿಗೆ ಮನಸೋತು ಇದನ್ನು ಬಿಟ್ಟುಕೊಡಬಾರದು.

ಕೊಳ್ಳುವುದಾದರೆ ಕಾಗದಪತ್ರ

ಬಾಡಿಗೆಗೆ ಇರುವವರು ಈ ಭಾಗವನ್ನು ದಾಟಿ ಹೋಗಬಹುದು. ಕೊಳ್ಳುವವರಿಗೆ ಹಳೆ ಊರಿಗೂ ಹೊಸ ಬಡಾವಣೆಗೂ ಇರುವ ಅತಿ ದೊಡ್ಡ ಅಂತರ ಇಲ್ಲಿಯೇ ಇದೆ.

1948ರ ಸೆಪ್ಟೆಂಬರ್‌ವರೆಗೆ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಮನೆಯ ಮೂಲ ಪತ್ರಗಳು ಉರ್ದುವಿನಲ್ಲಿರುವುದು ಇಲ್ಲಿ ಸಾಮಾನ್ಯ. ಹಳೆ ಅಳತೆ ಗಜದಲ್ಲಿರುತ್ತದೆ, ಗಡಿಯನ್ನು ಅಂದಿನ ನೆರೆಯವರ ಹೆಸರಿನಿಂದ ಗುರುತಿಸಿರುತ್ತಾರೆ. ಆ ಪತ್ರವನ್ನು ಬಲ್ಲವರಿಂದ ಓದಿಸಿ, ಲಿಖಿತ ಅನುವಾದ ಪಡೆದು, ವಕೀಲರ ಕೈಗೆ ಕೊಡಿ. ಮಾರುವವರು ಬಾಯಿಮಾತಿನಲ್ಲಿ ಹೇಳಿದ ಅರ್ಥ ಸಾಲದು.

ಮನೆ ಪಿತ್ರಾರ್ಜಿತವಾಗಿದ್ದರೆ ಹಿಸ್ಸೆದಾರರು ಎಷ್ಟು ಜನ ಎಂದು ವಂಶವೃಕ್ಷ ತರಿಸಿ ನೋಡಬೇಕು. ಮದುವೆಯಾಗಿ ಉದಗೀರಿಗೋ ಜಹೀರಾಬಾದಿಗೋ ಹೋದ ಹೆಣ್ಣುಮಕ್ಕಳ ಹಕ್ಕನ್ನು ಮರೆತು ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಲು ಸಿದ್ಧರಾಗುವುದುಂಟು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಂದ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಇದೆ. ಮುಸ್ಲಿಂ ಉತ್ತರಾಧಿಕಾರದಲ್ಲಿಯೂ ಹೆಣ್ಣುಮಕ್ಕಳಿಗೆ ನಿಗದಿಯಾದ ಪಾಲುಂಟು. ಎಲ್ಲರ ಸಹಿ ಇಲ್ಲದ ಮನೆಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಅದು ಒಬ್ಬ ತಂಗಿಯ ಪಾಲನ್ನು ನುಂಗಿದ ಮನೆಯಾಗುತ್ತದೆ, ಕಾನೂನಿನ ಮಾತು ಹಾಗಿರಲಿ. ವಕ್ಫ್ ಪಟ್ಟಿಯಲ್ಲಿ ಅಥವಾ ದೇವಸ್ಥಾನದ ಇನಾಮಿನಲ್ಲಿ ಆ ಜಾಗ ಸೇರಿದೆಯೇ ಎಂದೂ ಪರಿಶೀಲಿಸಿ. ನೋಂದಣಿಗೆ ಈಗ ಇ-ಖಾತಾ, ಅಂದರೆ ಆಸ್ತಿಯ ಗಣಕೀಕೃತ ಖಾತೆ ಬೇಕು. ಹಳೆ ಮನೆಗಳಲ್ಲಿ ಅಜ್ಜನ ಹೆಸರಿನಲ್ಲೇ ಉಳಿದ ಖಾತೆಯನ್ನು ಸರಿಪಡಿಸಲು ಸಮಯ ಹಿಡಿಯುತ್ತದೆ. ಆ ಕೆಲಸವನ್ನು ಮಾರುವವರು ಮುಗಿಸಿಕೊಟ್ಟ ಮೇಲೆ ಮುಂಗಡ ಕೊಡಿ.

ಸ್ಮಾರಕದ ಸಮೀಪದ ನಿಯಮ ಹಳೆ ಊರಿನಲ್ಲಿ ಎಲ್ಲರೂ ಅರೆಬರೆಯಾಗಿ ಕೇಳಿದ್ದು, ಸರಿಯಾಗಿ ತಿಳಿದವರು ಕಡಿಮೆ. ಕೋಟೆ, ಗವಾನ್ ಮದರಸಾದಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ. ಅಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಅದರ ಆಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಸ್ಮಾರಕ ಸಂರಕ್ಷಣೆಯ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಿಂದ ಈ ನಿಯಮ ಬಿಗಿಯಾಗಿದೆ. ನಿಷೇಧಿತ ಪ್ರದೇಶದಲ್ಲಿದ್ದರೂ 1992ರ ಜೂನ್ 16ಕ್ಕಿಂತ ಮುಂಚೆ ಇದ್ದ ಮನೆಯ ದುರಸ್ತಿಗೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಲು ಅವಕಾಶವಿದೆ. ಅಂದರೆ ಮಾಳಿಗೆ ಸೋರಿದರೆ ಸರಿಪಡಿಸುವ ದಾರಿ ಇದೆ, ಮೇಲೆ ಇನ್ನೊಂದು ಮಹಡಿ ಎಬ್ಬಿಸುವ ದಾರಿ ಇಲ್ಲ. ಮುಂದೆ ಮಗನಿಗೆ ಮೇಲೆ ಮನೆ ಕಟ್ಟಿಕೊಡುತ್ತೇನೆ ಎಂಬ ಆಸೆ ಇರುವವರು ಮದರಸಾದ ಪಕ್ಕದ ಮನೆಯನ್ನು ಕೊಳ್ಳಬಾರದು. ಇದ್ದ ಮನೆಯಲ್ಲೇ ಇರುತ್ತೇನೆ ಎನ್ನುವವರಿಗೆ ಇದೇ ನಿಯಮ ಕಾವಲು, ಪಕ್ಕದಲ್ಲಿ ನಾಲ್ಕು ಮಹಡಿ ಎದ್ದು ಅಂಗಳದ ಬಿಸಿಲನ್ನು ಕಸಿಯುವುದಿಲ್ಲ. ಈ ಐತಿಹಾಸಿಕ ನಗರ 2014ರಲ್ಲಿ, ಅಪಾಯದಲ್ಲಿರುವ ಪರಂಪರೆಯ ತಾಣಗಳನ್ನು ಗುರುತಿಸುವ ವಿಶ್ವ ಸ್ಮಾರಕ ನಿಧಿಯ ಕಾಳಜಿಪಟ್ಟಿಯಲ್ಲಿ ಸೇರಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಸ್ಮಾರಕಗಳಷ್ಟೇ ಅಲ್ಲ, ಅವುಗಳ ನಡುವೆ ಜನ ಬಾಳುವ ಓಣಿಗಳೂ ಉಳಿಯಬೇಕಾದವು. ಓಣಿ ಉಳಿಯುವುದು ಅದರಲ್ಲಿ ಜನ ಇದ್ದರೆ ಮಾತ್ರ, ಮತ್ತು ಇದ್ದವರು ದುರಸ್ತಿ ಮಾಡಿಕೊಂಡು ಹೋದರೆ ಮಾತ್ರ.

ಹೊಸ ಬಡಾವಣೆಯ ಕಾಗದ ಇದಕ್ಕಿಂತ ಸರಳ. ಕೃಷಿಯೇತರ ಪರಿವರ್ತನೆಯ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಇರುವ ನಕ್ಷೆ, ದೊಡ್ಡ ಬಡಾವಣೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಇವು ಇದ್ದರೆ ಬ್ಯಾಂಕ್ ಸಾಲವೂ ಸುಲಭ. ಹಳೆ ಮನೆಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. ಉಳಿತಾಯದ ಹಣವಿಲ್ಲದೆ ಸಾಲವನ್ನೇ ನಂಬಿದವರಿಗೆ ಹಳೆ ಊರಿನ ಬಾಗಿಲು ಅರ್ಧ ಮುಚ್ಚಿದಂತೆಯೇ.

ನೀರು

ಕೆಂಪು ಜಂಬಿಟ್ಟಿಗೆಯ ಮೂಲಕ ಇಳಿದ ಮಳೆನೀರು ಕೆಳಗಿನ ಕಪ್ಪು ಕಲ್ಲನ್ನು ಮುಟ್ಟಿ ನಿಲ್ಲುತ್ತದೆ. ಆ ನೀರನ್ನು ಸುರಂಗದಲ್ಲಿ ಹರಿಸಿ ತರುವ ಕರೇಜ್ ವ್ಯವಸ್ಥೆಯನ್ನು ಬಹಮನಿಗಳ ಕಾಲದಲ್ಲಿ ಇಲ್ಲಿ ತೋಡಿದರು. ನೌಬಾದಿನ ಸುರಂಗ ಬಾವಿ ಎಲ್ಲರಿಗೂ ಗೊತ್ತು, ಹಳೆ ಊರಿನ ಒಳಗೆ ಜಮನಾ ಮೋರಿ ಇದೆ. ಹಳೆ ಮನೆಗಳಲ್ಲಿ ಬಾವಿ ಇರುವುದು ಇದೇ ಕಾರಣಕ್ಕೆ. ಆದರೆ ನೀರನ್ನು ಸಲೀಸಾಗಿ ಬಿಡುವ ಕಲ್ಲು ಹೊಲಸನ್ನೂ ಬಿಡುತ್ತದೆ. ಇಕ್ಕಟ್ಟಾದ ಓಣಿಯಲ್ಲಿ ನಿಮ್ಮ ಬಾವಿಗೂ ಪಕ್ಕದವರ ಶೌಚದ ಗುಂಡಿಗೂ ನಡುವೆ ಬರೀ ಒಂದು ಗೋಡೆ ಇರಬಹುದು. ಬಾವಿಯ ನೀರನ್ನು ಬಳಕೆಗೆ ಇಟ್ಟುಕೊಳ್ಳಿ, ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ನಳದ ನೀರು ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ, ಎಷ್ಟು ಒತ್ತಡದಲ್ಲಿ ಬರುತ್ತದೆ ಎಂದು ಅದೇ ಓಣಿಯ ಹೆಂಗಸರನ್ನು ಕೇಳಿ. ಮನೆ ಮಾಲೀಕರ ಉತ್ತರಕ್ಕಿಂತ ಅದು ನಿಖರವಾಗಿರುತ್ತದೆ.

ಹೊಸ ಬಡಾವಣೆಗಳಲ್ಲಿ ಕೊಳವೆಬಾವಿಯೇ ಆಸರೆ ಆಗಿರುವಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಏನು ಸ್ಥಿತಿ ಎಂದು ವಿಚಾರಿಸಿ. ನೌಬಾದ್ ಕಡೆ ನಿವೇಶನ ಕೊಳ್ಳುವವರಲ್ಲಿ ನನ್ನದೊಂದು ವಿನಂತಿ: ನಿಮ್ಮ ನಿವೇಶನದಲ್ಲಿ ಅಥವಾ ಪಕ್ಕದಲ್ಲಿ ಹಳೆ ಬಾವಿಯಂಥ ಗುಂಡಿ ಇದ್ದರೆ ಅದು ಕರೇಜಿನ ಬಾಯಿ ಆಗಿರಬಹುದು. ದಯವಿಟ್ಟು ಕಲ್ಲುಮಣ್ಣು ಸುರಿದು ಮುಚ್ಚಬೇಡಿ, ಅದರ ಮೇಲೆ ಪಾಯ ಹಾಕಬೇಡಿ. ಒಂದು ಬಾಯಿ ಮುಚ್ಚಿದರೆ ಕೆಳಗಿನ ಸುರಂಗದ ಗಾಳಿಯೂ ಹರಿವೂ ಕೆಡುತ್ತವೆ.

ನೆರೆಹೊರೆ ಮತ್ತು ಸದ್ದು

ಹಳೆ ಊರಿನಲ್ಲಿ ಕನ್ನಡ, ದಖನಿ ಉರ್ದು, ಮರಾಠಿ ಮೂರೂ ಒಂದೇ ಅಂಗಡಿಯ ಮುಂದೆ ಕೇಳಿಸುತ್ತವೆ, ತೆಲುಗು ಬಲ್ಲವರೂ ಕಡಿಮೆಯಿಲ್ಲ. ಮಕ್ಕಳು ಶಾಲೆಯಲ್ಲಿ ಕಲಿಯದ ಭಾಷೆಯನ್ನು ಓಣಿಯಲ್ಲಿ ಕಲಿಯುತ್ತಾರೆ. ಬಿದ್ರಿ ಕಾರ್ಖಾನೆಗಳು ಮನೆಗಳ ನಡುವೆಯೇ ಇವೆ. ಸತುವು ತಾಮ್ರದ ಪಾತ್ರೆಯಲ್ಲಿ ಕೊರೆದ ಗೆರೆಗೆ ಬೆಳ್ಳಿ ತಂತಿ ಬಡಿಯುವ ಸದ್ದು ಹಗಲಿಡೀ ಇರುತ್ತದೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳಗುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಅವರಂಥ ಕುಶಲಕರ್ಮಿಗಳನ್ನು ಬೆಳೆಸಿದ್ದು ಈ ಊರಿನ ಇಂಥ ಕಾರ್ಖಾನೆಗಳೇ. ಸಣ್ಣ ಸುತ್ತಿಗೆಯ ಸದ್ದು ಯಾರಿಗೂ ತೊಂದರೆಯಲ್ಲ. ಎರಕ ಹೊಯ್ಯುವ ಹೊಗೆ ಮಾತ್ರ ಉಬ್ಬಸ ಇರುವವರಿಗೆ ಆಗದು, ಅಂಥವರು ಕಾರ್ಖಾನೆಗೆ ತಾಗಿದ ಮನೆ ಬಿಡಲಿ.

ಹಬ್ಬ, ಉರುಸು, ಮೆರವಣಿಗೆಗಳ ಧ್ವನಿವರ್ಧಕ ಮನೆಯೊಳಗೇ ಬರುತ್ತದೆ. ಪರೀಕ್ಷೆಗೆ ಓದುವವರಿಗೆ ಕಷ್ಟ. ಹೊಸ ಬಡಾವಣೆ ಶಾಂತ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ವಾಯುಪಡೆಯ ತರಬೇತಿ ವಿಮಾನಗಳು ಹಾರುವ ದಿನ ಚಿದ್ರಿಯ ಕಡೆ ಕಿಟಕಿಗಳು ಅದುರುತ್ತವೆ. ಅಲ್ಲಿ ಕಟ್ಟಡದ ಎತ್ತರಕ್ಕೂ ಮಿತಿ ಇರುವುದರಿಂದ ಕಟ್ಟುವ ಮೊದಲು ವಿಚಾರಿಸಬೇಕು.

ಬಾಡಿಗೆಗೆ ಮನೆ ಕೇಳಿದಾಗ ಯಾವ ಜನ, ಏನು ಉಣ್ಣುತ್ತೀರಿ ಎಂಬ ಪ್ರಶ್ನೆ ಹಳೆ ಊರಿನಲ್ಲೂ ಬರುತ್ತದೆ, ಗೇಟು ಹಾಕಿದ ಹೊಸ ಕಾಲೊನಿಯಲ್ಲೂ ಬರುತ್ತದೆ. ನೋವಿನ ಸಂಗತಿ. ನಾನು ಕಂಡಂತೆ ಹಳೆ ಊರಿನಲ್ಲಿ ಆ ಪ್ರಶ್ನೆ ಬಾಗಿಲಲ್ಲೇ ಕೇಳಿ ಮುಗಿಯುತ್ತದೆ, ಒಮ್ಮೆ ಒಳಗೆ ಬಂದವರನ್ನು ಓಣಿ ತನ್ನವರೆಂದೇ ನೋಡಿಕೊಳ್ಳುತ್ತದೆ.

ಹೊರಪಟ್ಟಿಯ ಬಗ್ಗೆ

ಗಾಂಧಿಗಂಜ್, ಅಂಬೇಡ್ಕರ್ ವೃತ್ತದ ಸುತ್ತಲಿನ ಬೀದಿಗಳನ್ನು ಜನ ಮನೆ ಹುಡುಕುವಾಗ ಮರೆಯುತ್ತಾರೆ. ಹಳೆ ಊರಿನ ಪೇಟೆಗೆ ನಡೆದು ಹೋಗಬಹುದು, ಬಾಗಿಲಿಗೆ ಆಟೋ ಬರುತ್ತದೆ, ಆಸ್ಪತ್ರೆ ಮತ್ತು ಕಚೇರಿಗಳು ಹತ್ತಿರ. ಸೊಬಗು ಇಲ್ಲ, ಅಂಗಳ ಇಲ್ಲ, ಸುಗ್ಗಿಯ ಕಾಲದಲ್ಲಿ ಗಂಜಿಗೆ, ಅಂದರೆ ಧಾನ್ಯದ ಪೇಟೆಗೆ ಬರುವ ಲಾರಿಗಳ ಧೂಳು ಇದೆ. ಆದರೂ ಒಬ್ಬರು ನಡೆಯಬೇಕು, ಇನ್ನೊಬ್ಬರು ರೈಲು ಹಿಡಿಯಬೇಕು, ಮೂರನೆಯವರಿಗೆ ವಾರಕ್ಕೊಮ್ಮೆ ಆಸ್ಪತ್ರೆ ಎಂಬಂಥ ಮನೆಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. 2017ರಲ್ಲಿ ಕಲಬುರಗಿಗೆ ರೈಲು ಶುರುವಾದ ಮೇಲೆ ನಿಲ್ದಾಣದ ಹತ್ತಿರ ಇರುವುದರ ಬೆಲೆ ಹೆಚ್ಚಿದೆ.

ಕಲಬುರಗಿ, ಯಾದಗಿರಿಯವರಿಗೆ

ಕೆಲಸ ಕಲಬುರಗಿಯಲ್ಲಾದರೆ ಇದೇ ಅಳತೆಗೋಲನ್ನು ಶಾಬಜಾರ್, ಬ್ರಹ್ಮಪುರ, ಗಾಜಿಪುರಗಳಿಗೆ ಹಿಡಿಯಬಹುದು. ಶರಣಬಸವೇಶ್ವರ ಗುಡಿ, ಚೌಕ್, ಸೂಪರ್ ಮಾರ್ಕೆಟ್ ಎಲ್ಲವೂ ಹತ್ತಿರ, ನಗರ ಬಸ್ಸೂ ಅಲ್ಲಿಂದಲೇ. ಆದರೆ ಕಲಬುರಗಿ ಬೀದರಿಗಿಂತ ತಗ್ಗಿನ ಊರು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ನಡುಹಗಲು ಹತ್ತು ನಿಮಿಷದ ನಡಿಗೆಯೂ ಹಿರಿಯರಿಗೆ ಭಾರ, ಹಾಗಾಗಿ ಅಲ್ಲಿ ಇನ್ನೂ ಹತ್ತಿರದ ಮನೆ ಹುಡುಕಬೇಕು. ಜಾತ್ರೆಯ ದಿನಗಳಲ್ಲಿ ಗುಡಿಯ ಸುತ್ತ ಗಾಡಿ ತೆಗೆಯಲು ಆಗುವುದಿಲ್ಲ. 1367ರ ಜಾಮಿಯಾ ಮಸೀದಿ ಇರುವ ಕೋಟೆಯೊಳಗಿನ ಮನೆಗಳ ಒತ್ತುವರಿ ವಿವಾದ ನ್ಯಾಯಾಲಯದ ಮೆಟ್ಟಿಲೇರಿದೆ, ಅಲ್ಲಿ ಕೊಳ್ಳುವ ಮಾತು ಬೇಡವೇ ಬೇಡ.

ಯಾದಗಿರಿ ಸಣ್ಣ ಊರು. ಬೆಟ್ಟದ ಕೋಟೆಯ ಬುಡದ ಹಳೆ ಪೇಟೆ, ಗಾಂಧಿ ಚೌಕ್, ಮುಂಬೈ ಮತ್ತು ಚೆನ್ನೈ ನಡುವಿನ ಮುಖ್ಯ ಮಾರ್ಗದ ರೈಲು ನಿಲ್ದಾಣ ಎಲ್ಲವೂ ನಡಿಗೆಯ ದೂರದಲ್ಲಿವೆ. 2009ರ ಕೊನೆಯಲ್ಲಿ ಜಿಲ್ಲೆಯಾದ ಮೇಲೆ ಸರಕಾರಿ ಕಚೇರಿಗಳು ಚಿತ್ತಾಪುರ ರಸ್ತೆಯ ಕಡೆ ಬೆಳೆದವು. ನೌಕರರು ಒಬ್ಬರೇ ಇದ್ದರೆ ಆ ಕಡೆ, ಕುಟುಂಬ ಜೊತೆಗಿದ್ದರೆ ಪೇಟೆಯ ಕಡೆ.

ಯಾರಿಗೆ ಯಾವುದು

ಮನೆಯಲ್ಲಿ ನಡೆಯಬಲ್ಲ ಹಿರಿಯರು, ಗಾಡಿ ಓಡಿಸದ ತಾಯಿ, ಹತ್ತು ದಾಟಿದ ಮಕ್ಕಳು ಇದ್ದರೆ, ಕಾರು ಇಲ್ಲದಿದ್ದರೆ ಅಥವಾ ದೂರ ನಿಲ್ಲಿಸಲು ಬೇಸರವಿಲ್ಲದಿದ್ದರೆ, ನಾನು ಹಳೆ ಊರನ್ನೇ ಹೇಳುತ್ತೇನೆ. ಮೆಟ್ಟಿಲು ಹತ್ತಲಾಗದ, ಗಾಲಿಕುರ್ಚಿ ಬೇಕಾದ ಹಿರಿಯರಿದ್ದರೆ ಎತ್ತರದ ಹೊಸ್ತಿಲು, ಕಲ್ಲುಹಾಸಿನ ಓಣಿ ಅವರಿಗೆ ಸೆರೆಮನೆಯೇ ಆಗುತ್ತದೆ. ಅವರಿಗೆ ಹೊರಪಟ್ಟಿಯ ನೆಲಮಹಡಿ ಲೇಸು. ಗಂಡ ಹೆಂಡತಿ ಇಬ್ಬರೂ ಗಾಡಿ ಓಡಿಸಿ ಎರಡು ದಿಕ್ಕಿಗೆ ಕೆಲಸಕ್ಕೆ ಹೋಗುವವರಾದರೆ, ಗಿಡಮರ ಬೆಳೆಸುವ ಆಸೆ ಇದ್ದರೆ, ಸಾಲ ಪಡೆದೇ ಕಟ್ಟಬೇಕಾದರೆ, ಹೊಸ ಬಡಾವಣೆ ಸರಿ. ಅಲ್ಲಿಯೂ ಶಿವನಗರದಂತೆ ಅಂಗಡಿ, ಶಾಲೆ ಈಗಾಗಲೇ ಬಂದಿರುವ ಕಡೆಗೆ ಮೊದಲ ಆದ್ಯತೆ ಕೊಡಿ. ಮುಂದೆ ಎಲ್ಲ ಬರುತ್ತದೆ ಎಂಬ ಮಾತನ್ನು ನಂಬಿ ಕಾಯುವ ವರ್ಷಗಳಲ್ಲಿ ಮಕ್ಕಳು ಬೆಳೆದುಬಿಡುತ್ತಾರೆ.

ಹಳೆ ಮನೆ ಕೊಳ್ಳುವ ಮನಸ್ಸಿದ್ದರೆ ಅದೇ ಓಣಿಯಲ್ಲಿ 11 ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಇದ್ದು ನೋಡಿ. ಒಂದು ಬೇಸಿಗೆ, ಒಂದು ಮಳೆಗಾಲ ಅದರೊಳಗೆ ಬರುವಂತೆ ಜನವರಿ, ಫೆಬ್ರವರಿಯಲ್ಲಿ ಹೊಕ್ಕರೆ ಒಳ್ಳೆಯದು. ಕೊಳ್ಳಬೇಕೆಂದಿರುವ ಮನೆಯನ್ನು ಜುಲೈ, ಆಗಸ್ಟಿನಲ್ಲಿ ಎರಡು ದಿನ ಬಿಡದೆ ಮಳೆ ಸುರಿದ ಮರುದಿನ ಹೋಗಿ ಇನ್ನೊಮ್ಮೆ ನೋಡಿ. ಬೆಲೆಯ ಮಾತು ಅಂದೇ ಆಡಿ.